ಮೂರು ಕೊಡ ನೀರು

ಬಹಳ ಹಿಂದೆ, ಹೊಲಗಳಿಗೆ ಇನ್ನೂ ಬದು ಬೀಳದಿದ್ದ ಕಾಲದಲ್ಲಿ, ಒಬ್ಬ ಅರಸನಿಗೆ ಒಬ್ಬಳೇ ಮಗಳಿದ್ದಳಂತೆ. ಆ ಮಗಳ ಅಂಗೈಯಲ್ಲಿ ಬೆಳದಿಂಗಳಿತ್ತಂತೆ. ಅವಳು ಮುಟ್ಟಿದರೆ ಬಾಡಿದ ಬಳ್ಳಿ ಚಿಗುರುತ್ತಿತ್ತು, ಹಟ ಹಿಡಿದ ಕೂಸು ನಗುತ್ತಿತ್ತು, ಮಾತು ಬಿಟ್ಟವರು ಮಾತಾಡುತ್ತಿದ್ದರು. ಆದರೆ ಬೀದಿಯ ಧೂಳು ತಾಗಿದರೆ ಆ ಬೆಳದಿಂಗಳು ಆರಿಹೋಗುತ್ತದೆಂದು ಅರಸನಿಗೆ ಭಯ. ಅದಕ್ಕೇ ಮಗಳು ಹೊರಗೆ ಹೋಗಿ ಬಂದಾಗಲೆಲ್ಲ ಬಾಗಿಲಲ್ಲೇ ನಿಲ್ಲಿಸಿ, ಒಂದು ಕೊಡ ಹಾಲು, ಎರಡು ಕೊಡ ಹಾಲು, ಮೂರು ಕೊಡ ಹಾಲು ಸುರಿದು, ಆಮೇಲೆ ಒಳಗೆ ಕರೆದುಕೊಳ್ಳುತ್ತಿದ್ದ. ಮುಂದೆ? ಮುಂದೇನಾಯಿತೆಂದು ಅನ್ನಪೂರ್ಣೇಶ್ವರಿಗೆ ಇವತ್ತಿಗೂ ತಿಳಿಯದು. ಮೂರನೆಯ ಕೊಡಕ್ಕೆ ಅವಳ ಅಜ್ಜಿಯ, ಆಯಿಯ, ಕಥೆ ಪ್ರತಿಸಲವೂ ನಿಂತುಬಿಡುತ್ತಿತ್ತು. ಕೇಳುವವಳು ನಿದ್ದೆ ಹೋಗುತ್ತಿದ್ದಳೋ, ಹೇಳುವವಳಿಗೇ ಮುಂದಿನದು ಗೊತ್ತಿರಲಿಲ್ಲವೋ. ಆದರೂ ಆಯಿ ಹೇಳಿದ ನೂರೆಂಟು ಕಥೆಗಳಲ್ಲಿ ಅವಳ ಮೈಗೆ ಹತ್ತಿದ್ದು ಇದೊಂದೇ. ಇಪ್ಪತ್ತನಾಲ್ಕು ತುಂಬಿದ ಮೇಲೂ, ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ತನ್ನ ಅಂಗೈ ತಿರುಗಿಸಿ ನೋಡಿಕೊಳ್ಳುವ ಚಟ ಅವಳಿಗೆ ಉಳಿದಿತ್ತು.

ಹುಬ್ಬಳ್ಳಿಯಲ್ಲಿ ಸ್ಪರ್ಶ ಚಿಕಿತ್ಸೆಯ ಹನ್ನೆರಡು ದಿನದ ತರಬೇತಿ ಶುರುವಾದಾಗ, ಈ ಕೆಲಸಕ್ಕೆ ಯಾಕೆ ಬಂದಿರೆಂದು ಎಲ್ಲರನ್ನೂ ಕೇಳಿದ್ದರು. ಉಳಿದವರು ಸೇವೆ ಎಂದರು, ಸಮಾಜ ಎಂದರು. ಅವಳು ಅಂಗೈ ಬೆಳದಿಂಗಳ ಕಥೆ ಹೇಳಿದಳು. ಕಲಿಸುವ ಮೇಡಂ ಕಣ್ಣು ಮುಚ್ಚಿ ಕೇಳಿ, ಎಲ್ಲರಿಂದ ಚಪ್ಪಾಳೆ ಹೊಡೆಸಿದ್ದರು. ಅವರು ಕಲಿಸಿದ್ದು ಇಷ್ಟು: ದುಃಖ ತಲೆಯಲ್ಲಿರುವುದಿಲ್ಲ, ಮೈಯಲ್ಲಿ ಎಲ್ಲೋ ಗಂಟಾಗಿ ಕೂತಿರುತ್ತದೆ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಒಪ್ಪಿಗೆ ಕೇಳಿ, ಹೂಂ ಎನ್ನುವವರೆಗೆ ಕಾಯಿರಿ, ಮಲಗಿದ ಕೂಸಿಗೆ ಹೊದಿಕೆ ಹೊದಿಸುವಷ್ಟು ಹಗುರಾಗಿ ಭುಜದ ಮೇಲೆ ಕೈಯಿಡಿ. ರೋಣದ ಮಹಿಳಾ ಸಂಘದ ಸಣ್ಣ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಅವಳು ಇದನ್ನೇ ಮಾಡುತ್ತ ಬಂದಿದ್ದಳು. ನರಗುಂದದ ಒಬ್ಬ ಮಾಸ್ತರಣಿ, ಗಂಡ ಸತ್ತಂದಿನಿಂದ ನಿದ್ದೆ ಕಾಣದವಳು, ಅದೇ ಚಾಪೆಯ ಮೇಲೆ ಎರಡು ತಾಸು ಗೊರಕೆ ಹೊಡೆದಿದ್ದಳು. ಗಜೇಂದ್ರಗಡದ ಅರಿವೆ ವ್ಯಾಪಾರಿಗಳ ಸೊಸೆ ರಮಾಬಾಯಿ ಅರ್ಧ ತಾಸು ಅತ್ತು, ಮೂಗು ಒರೆಸಿಕೊಂಡು, ‘ಇಲ್ಲಿ ಚಾ ಎಲ್ಲಿ ಚಲೋ ಸಿಗತೈತ್ರಿ’ ಎಂದು ಕೇಳಿದ್ದಳು. ಎಲ್ಲರ ಕಡತದಲ್ಲಿ ಕೊನೆಗೆ ‘ಹಗುರಾಯಿತು’ ಎಂದು ಬರೆದಿತ್ತು. ಮರಿಯವ್ವನ ಕಡತದಲ್ಲಿ ಮಾತ್ರ ನಾಲ್ಕು ತಾರೀಖು, ನಾಲ್ಕೂ ತಾರೀಖಿನ ಮುಂದೆ ‘ಒಪ್ಪಲಿಲ್ಲ’. ಕೆಳಗೆ, ಅನ್ನಪೂರ್ಣೇಶ್ವರಿಯದೇ ದುಂಡನೆಯ ಅಕ್ಷರದಲ್ಲಿ: ‘ಸ್ಪರ್ಶದ ಹೆದರಿಕೆ. ಕಾರಣ, ಅಪಘಾತ.’

ಅಪಘಾತವೇನೋ ಆಗಿತ್ತು. ಮೂರು ತಿಂಗಳ ಹಿಂದೆ, ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದ ಹೆಣ್ಣಾಳುಗಳ ಟಂಟಂ ಅಸೂಟಿಯ ತಿರುವಿನಲ್ಲಿ ತಗ್ಗಿಗೆ ಮಗುಚಿತ್ತು. ಮರಿಯವ್ವನ ಓಣಿಯ ಗೆಳತಿ ಗುಲ್ಷನ ಗಾಡಿಯ ಅಡಿಯಲ್ಲಿ ಸಿಕ್ಕಿಕೊಂಡಿದ್ದಳು. ಮಂದಿ ಕೂಡಿ ಗಾಡಿ ಎತ್ತುವ ಹೊತ್ತಿಗೆ ಗುಲ್ಷನ ಹೋಗಿಬಿಟ್ಟಿದ್ದಳು. ಆದರೆ ಅವಳ ಮುಷ್ಟಿಯಲ್ಲಿ ಮರಿಯವ್ವನ ಹೆರಳಿತ್ತು. ಒಂದೊಂದೇ ಬೆರಳು ಬಿಡಿಸಬೇಕಾಯಿತಂತೆ. ಅಂದಿನಿಂದ ಮರಿಯವ್ವ ತಲೆಗೆ ನೀರು ಹಾಕಿಕೊಂಡಿಲ್ಲ, ಕೂದಲಿಗೆ ಹಣಿಗೆ ಮುಟ್ಟಿಸಿಲ್ಲ, ಕೂಲಿಗೆ ಹೋಗಿಲ್ಲ. ಕೂದಲು ಎಣ್ಣೆ ಕಾಣದೆ, ಬೆವರಿಗೆ, ಧೂಳಿಗೆ ಹೆಣೆದುಕೊಂಡು, ಬೆನ್ನಿನ ಮೇಲೆ ಹಳೆಯ ಹಗ್ಗದಂತೆ ಗಟ್ಟಿಯಾಗತೊಡಗಿದಾಗ ಓಣಿಯವರು ದೂರದಿಂದ ಕೈಮುಗಿಯತೊಡಗಿದರು. ಜಡೆ ಬಂದಿದೆ, ತಾಯಿ ಬಂದಿದ್ದಾಳೆ. ತಾಯಿಯ ಜಡೆಗೆ ಯಾರೂ ಹಣಿಗೆ ಹಚ್ಚುವಂತಿಲ್ಲ. ಗಂಡನ ಅಣ್ಣ ಫಕೀರೇಶ, ದವನದ ಹುಣ್ಣಿಮೆಗೆ ಅವಳನ್ನು ತಾಯಿಯ ಗುಡ್ಡಕ್ಕೆ ಒಯ್ದು, ಭಂಡಾರ ಹಚ್ಚಿಸಿ, ದೇವಿಗೆ ಮೀಸಲಾದ ಜೋಗತಿ ಮಾಡಿ ಬಿಟ್ಟು ಬರುತ್ತೇನೆಂದು ಗಾಡಿ ಗೊತ್ತುಮಾಡಿದ್ದ. ಮಗಳು ಅನಿತಾ ರೋಣದ ಸಂಘಕ್ಕೆ ಬಂದು, ಚಾಪೆಯ ಮೇಲೂ ಕೂಡದೆ, ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದ್ದು ಇಷ್ಟೇ: “ಅಕ್ಕಾರ, ಹುಣ್ಣಿವಿ ಒಳಗ ನಮ್ಮವ್ವನ ತಲಿ ಹಿಕ್ಕಿ ಕೊಡ್ರಿ. ಹೆರಳ ಬಿಚ್ಚಿ ನಿಂತ್ರ ಯಾರೂ ಆಕಿನ್ನ ಕರಕೊಂಡ ಹೋಗೂದಿಲ್ಲ. ಜಡಿ ಉಳೀತೋ, ನನಗ ಅವ್ವ ಉಳಿಯೂದಿಲ್ಲ.” ಅನ್ನಪೂರ್ಣೇಶ್ವರಿ ತಡಮಾಡದೆ “ಮಾಡಿಕೊಡ್ತೀನಿ, ನನ್ನಾಣಿ” ಎಂದಿದ್ದಳು. ಆಗ ಅವಳಿಗೆ ತನ್ನ ಅಂಗೈಯ ಮೇಲೆ ಅಷ್ಟು ನಂಬಿಕೆ.

ನಾಳೆ ಹುಣ್ಣಿಮೆ. ಗಾಡಿ ನಸುಕಿಗೇ ಬರುತ್ತದೆ.

ತನ್ನೂರು ಸವಡಿಯ ಗೌಡರ ಮನೆಯ ಪಡಸಾಲೆಯಲ್ಲಿ ಅವಳು ಚೀಲಕ್ಕೆ ಕೊಬ್ಬರಿ ಎಣ್ಣೆಯ ಶೀಸೆ, ಹಣಿಗೆ, ಕಡತ ತುಂಬಿಕೊಳ್ಳುತ್ತಿದ್ದಾಗ ಆಯಿ, ಬಾಳವ್ವ, ಕಂಬಕ್ಕೊರಗಿ ಅಡಿಕೆ ಕತ್ತರಿಸುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಕತ್ತರಿ ತಪ್ಪುತ್ತಿರಲಿಲ್ಲ.

“ಇವತ್ತ ಯಾರ ಮೈ ತಿಕ್ಕೂದೈತಿ?”

“ತಿಕ್ಕೂದಲ್ಲ ಆಯಿ, ಚಿಕಿತ್ಸೆ.”

“ಎಂಟ ತಿಂಗಳ ನಿನಗ ಎಣ್ಣಿ ಹಚ್ಚಿ ಎರದೇನಿ. ಆಗ ನನ್ನ ಕಡೆ ಯಾವ ಸರ್ಟಿಫಿಕೇಟ್ ಇತ್ತು? ಯಾರ ಮನಿಗೆ ಹೊಂಟಿ, ಅದನ್ನ ಹೇಳ.”

“ಮರಿಯವ್ವನ ಮನಿಗೆ.”

ಕತ್ತರಿ ಒಂದು ಕ್ಷಣ ನಿಂತಿತು. “ಪಾಪ, ಚಲೋ ಹೆಣಮಗಳು,” ಎಂದಳು ಆಯಿ. ಮತ್ತೆ ಕತ್ತರಿ. “ಬಂದಾಕಿ ಹಿತ್ತಲ ಬಾಗಲಾ ಹಾದ ಬಾ.”

ಯಾಕೆ ಎಂದು ಕೇಳಲಿಲ್ಲ ಅವಳು. ಈ ಮನೆಯಲ್ಲಿ ಹಿತ್ತಲ ಬಾಗಿಲು ಬಚ್ಚಲಿಗೆ ಹತ್ತಿರ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು; ಹೇಳಿಕೊಂಡಿದ್ದಕ್ಕೆ ಓಣಿ ದಾಟುವವರೆಗೂ ತನ್ನ ಮೇಲೆ ತನಗೇ ಸಿಟ್ಟು ಬಂತು. ಚೈತ್ರದ ಬಿಸಿಲು. ಎರೆಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ನಾಲ್ಕು ಸಲ ನಡೆದ ಈ ದಾರಿಯಲ್ಲಿ ನಾಲ್ಕು ಸಲವೂ ಹೋಗುವಾಗ ಆಯಿಯ ಅರಸನ ಮಗಳಾಗಿದ್ದಳು, ಬರುವಾಗ ಸಂಘದ ಗುಮಾಸ್ತೆಯಾಗಿದ್ದಳು. ಆ ಹೆಂಗಸಿಗೆ ಏನಾಗಿದೆ? ಮಾತಾಡುತ್ತಾಳೆ, ಉಣ್ಣುತ್ತಾಳೆ, ಬಂದರೆ ಕೂಡಲು ಗೋಣಿತಟ್ಟು ಹಾಸುತ್ತಾಳೆ. ಕೈ ಹತ್ತಿರ ಹೋದರೆ ಮಾತ್ರ ಇಡೀ ಮೈ ಬಾಗಿಲು ಹಾಕಿಕೊಂಡಂತೆ ಮುಚ್ಚುತ್ತದೆ. ಮೇಡಂಗೆ ಫೋನು ಮಾಡಿದರೆ, ‘ಅವಸರ ಬೇಡ, ಒಪ್ಪಿಗೆ ಕೇಳ್ತಾ ಇರಿ’ ಎಂದಿದ್ದರು. ಕೇಳುತ್ತಲೇ ಇದ್ದಾಳೆ. ಇನ್ನು ಹೇಗೆ ಕೇಳಬೇಕು? ಕಾಲು ಹಿಡಿದು ಕೇಳಬೇಕೇ? ಆದರೆ ಕಾಲು ಹಿಡಿಯುವುದೂ ಮುಟ್ಟಿದಂತೆಯೇ ಅಲ್ಲವೇ ಎಂದು ಹೊಳೆದು, ಬಿಸಿಲಲ್ಲಿ ಒಬ್ಬಳೇ ಹುಚ್ಚಿಯಂತೆ ನಕ್ಕಳು.

ಮರಿಯವ್ವ ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು. ಬೆನ್ನ ಮೇಲೆ ಆ ಕಪ್ಪು ಹುರಿ. ತುದಿಗೆ ಯಾರೋ ಆಗಲೇ ಅರಿಶಿಣ ಹಚ್ಚಿದ್ದರು. ಓಣಿಯ ಕೊನೆಯಲ್ಲಿ ನಳ ಬಂದು, ಹೆಂಗಸರ ಗದ್ದಲ. ಅನಿತಾ ಒಳಗಿನಿಂದ ತಟ್ಟು ತಂದು ಹಾಸಿದಳು, ನೀರು ಕೊಡಲೋ ಬೇಡವೋ ಎಂದು ಅನುಮಾನಿಸಿ ನಿಂತಳು. ಅನ್ನಪೂರ್ಣೇಶ್ವರಿ ಕೇಳಿ ಈಸಿಕೊಂಡು ಕುಡಿದಳು. ಕುಡಿಯುವಾಗ ತಾನು ಕುಡಿಯುತ್ತಿರುವುದನ್ನು ಮೂರು ಮನೆಯವರು ನೋಡುತ್ತಿದ್ದಾರೆಂಬುದು ಅವಳಿಗೆ ಹಿತವಾಯಿತು. ಹಿತವಾಗಿದ್ದಕ್ಕೆ ನೀರು ನೆತ್ತಿಗೇರಿತು.

ಅಂಗೈ ಉಜ್ಜಿಕೊಂಡಳು. ಉಸಿರು ಎಳೆದು ಬಿಟ್ಟಳು.

“ಮರಿಯವ್ವಾರ, ನಾ ನಿಮ್ಮನ್ನ ಮುಟ್ಟಬಹುದೇನ್ರಿ?”

ಮರಿಯವ್ವ ಮೊದಲು ಓಣಿಯ ಕಡೆ ನೋಡಿದಳು, ಆಮೇಲೆ ನೆಲ. “ಬ್ಯಾಡ್ರಿ ಅವ್ವಾರ.”

“ಭುಜದ ಮ್ಯಾಲೆ ಅಷ್ಟ. ತಲಿಗೆ ಅಲ್ಲ.”

“ಬ್ಯಾಡ್ರಿ.”

“ಮುಟ್ಟಿದ್ರ ಏನೂ ಆಗೂದಿಲ್ರಿ. ನಿಮಗ ನಂಬಿಕಿ ಬರೂತನಾ ನಾ ಕಾಯ್ತೀನಿ. ಮುಟ್ಟಲೇನ್ರಿ?”

ಎದುರು ಮನೆಯ ಕಟ್ಟೆಯಲ್ಲಿ ಬೀಡಿ ಸೇದುತ್ತಿದ್ದ ಮುದುಕ ಶಿವನಪ್ಪ ಕೆಮ್ಮಿ ಮುಖ ತಿರುಗಿಸಿದ. ನಳದ ಕಡೆ ಯಾರೋ ಕಿಸಕ್ಕೆಂದರು. ಮರಿಯವ್ವ ಸೆರಗು ಬಿಗಿಯಾಗಿ ಹೊದ್ದುಕೊಂಡು ಗೋಡೆಗೆ ಅಂಟಿದಳು, ಸಣ್ಣವಳಾದಳು, ಗೋಡೆಯೊಳಗೇ ಹೋಗಿಬಿಡುವವಳಂತೆ. ಐದನೆಯ ಸಲ. ಐದನೆಯ ‘ಒಪ್ಪಲಿಲ್ಲ’. ಬಿಸಿಲು, ಬೆವರು, ನಾಳೆಯ ಗಾಡಿ, ಬಾಗಿಲಲ್ಲಿ ತುಟಿ ಕಚ್ಚಿ ನಿಂತ ಅನಿತಾ, ಎಲ್ಲ ಕೂಡಿ ಅನ್ನಪೂರ್ಣೇಶ್ವರಿಯ ತಾಳ್ಮೆ ಹರಿಯಿತು. “ನಿನಗ ಎಷ್ಟ ಸಲ ಹೇಳಬೇಕ? ಸುಮ್ನ ಕೂಡಾಕ ಏನ ಬ್ಯಾನಿ ನಿನಗ? ಮುಂಜಾನಿಂದ ಬಿಸಲಾಗ ನಾ ಯಾಕ ಸಾಯಾಕ ಬಂದೇನಿ ಇಲ್ಲಿ?”

ಅದು ಅವಳ ದನಿಯಾಗಿರಲಿಲ್ಲ. ಅಜ್ಜನದು, ಅಪ್ಪನದು, ಸುಗ್ಗಿಯಲ್ಲಿ ಕಟ್ಟೆಯ ಮೇಲೆ ನಿಂತು ಆಳುಗಳನ್ನು ಕೂಗುವ ದನಿ. ಹುಬ್ಬಳ್ಳಿಯ ಹನ್ನೆರಡು ದಿನ ಅದರ ಮೇಲೆ ತೆಳ್ಳಗೆ ಸುಣ್ಣ ಬಳಿದಿತ್ತು, ಅಷ್ಟೇ. ಎದ್ದು ಓಡಿಬಿಡಬೇಕೆನ್ನಿಸಿತು.

ಮರಿಯವ್ವ ತಲೆ ಎತ್ತಿದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ತುಟಿಯ ಒಂದು ಕೊನೆ ಮೇಲೆ ಹೋಗಿತ್ತು. “ಹಾಂ, ಈಗ ಬಂತ ನೋಡ ಮನಿ ಮಾತ. ಇಷ್ಟ ದಿನ ಯಾರೋ ಪರದೇಶದಾಕಿ ಬಂದ ಕುಂತಂಗ ಆಗಿತ್ತ ನನಗ.”

“ಮರಿಯವ್ವಾರ, ತಪ್ಪಾತ್ರಿ...”

“ತಪ್ಪ ಅದಲ್ಲ. ಬೈಸ್ಕೊಂಡ ಬೆಳದ ಮೈ ಇದು, ಬೈದ್ರ ಏನಾಕೈತಿ. ಮುಟ್ಟಲೇನ, ಮುಟ್ಟಲೇನ ಅಂತಿಯಲ್ಲ, ಅದು.” ‘ಅವ್ವಾರ’ ಹೋಗಿ ‘ನೀ’ ಬಂದಿತ್ತು. “ಓಣ್ಯಾಗ ಇಷ್ಟ ಮಂದಿ ಬಿಟ್ಟಗಣ್ಣಲೇ ಕುಂತಾರ. ಅವರ ಎದುರ ಗೌಡ್ರ ಮೊಮ್ಮಗಳ ಬಂದು ಮರಿಯವ್ವನ್ನ ಮುಟ್ಟಬಹುದೇನು ಅಂತ ಕೇಳ್ತಾಳ. ನಾ ಏನಂತ ಎಲ್ಲಾರಿಗೂ ಗೊತ್ತೈತವಾ. ದಿನಾ ಡಂಗುರ ಯಾಕ ಹೊಡಿತಿ? ಗುಲ್ಷನ ಮೂವತ್ತ ವರ್ಷ ನನ್ನ ಹೆಗಲಮ್ಯಾಲೆ ಕೈ ಹಾಕಿ ಹೊಲಕ್ಕ ನಡದ್ಲು. ಒಂದ ದಿನಾ ಕೇಳಿಲ್ಲ.”

ಕೇಳುವುದೇ ಮರ್ಯಾದೆ ಎಂದು ಅನ್ನಪೂರ್ಣೇಶ್ವರಿಗೆ ಕಲಿಸಿದ್ದರು. ಹುಬ್ಬಳ್ಳಿಯ ಆ ತಂಪು ಸಭಾಂಗಣದಲ್ಲಿ ಅದು ಮರ್ಯಾದೆಯೇ ಆಗಿತ್ತು. ಇಲ್ಲಿ, ಈ ಕಟ್ಟೆಯ ಮೇಲೆ, ತಾನು ಐದು ಸಲ ಬಂದು, ಪ್ರತಿಸಲವೂ ಮೂರು ಮೂರು ಬಾರಿ, ಓಣಿಗೆಲ್ಲ ಕೇಳುವಂತೆ ಕೂಗಿ ಹೋದದ್ದು ಏನನ್ನು?

“ನಿನ್ನನ್ನೂ ನಾ ಕೇಳಿದ್ದಿಲ್ಲ ಬಿಡ,” ಎಂದಳು ಮರಿಯವ್ವ. “ಆರ ವರ್ಷದಾಕಿದ್ದಿ. ಜೋಳದ ಕೂಳಿ ಚುಚ್ಚಿ ಕಾಲ ರಕ್ತಾ ಮಾಡ್ಕೊಂಡ ಹೊಲದಾಗ ಕುಂತ ಒದರಾಕತ್ತಿದ್ದಿ. ಎತ್ತಿ ಬಗಲಾಗ ಇಟ್ಕೊಂಡ ಮನೀತನಕ ತಂದ್ನಿ. ನಿಮ್ಮಾಯಿ ಬಾಗಲದಾಗ ಎಷ್ಟ ಕೊಡ ನೀರ ಹಾಕಿದ್ಲ ನಿನಗ?”

ಹೊಗೆಸೊಪ್ಪಿನ ವಾಸನೆ. ಖಾರದ ಘಾಟು. ಬೆವರಿದ ರವಿಕೆಯ ತೋಳಿಗೆ ಕೆನ್ನೆ ಅಂಟಿಸಿಕೊಂಡು, ಹೆಜ್ಜೆಗೊಮ್ಮೆ ಕುಲುಕುತ್ತ, ಅತ್ತು ಸಾಕಾಗಿ ಆ ಹೆರಳಿನ ತುದಿಯನ್ನು ಬಾಯಲ್ಲಿಟ್ಟು ಚೀಪುತ್ತ ಬಂದದ್ದು. ಆಮೇಲೆ ಹೊಸ್ತಿಲ ಹೊರಗಿನ ಕಲ್ಲು. ತಲೆಯ ಮೇಲೆ ತಣ್ಣನೆಯದು ಧುಮುಕಿದಾಗ ಉಸಿರು ಸಿಕ್ಕಿದ್ದು, ಮತ್ತೆ ಅಳು ಕಿತ್ತುಕೊಂಡದ್ದು, ಅಳು ನಿಲ್ಲಿಸಲು ಆಯಿ, ಕೊಡ ಎತ್ತುತ್ತಲೇ, ಅತ್ಯಂತ ಪ್ರೀತಿಯ ದನಿಯಲ್ಲಿ: ಒಂದ ಊರಾಗ ಒಬ್ಬ ಅರಸ ಇದ್ದನವಾ, ಆತಗ ಒಬ್ಬಾಕೀನ ಮಗಳು. ಕಥೆಯಲ್ಲಿ ಹಾಲು, ಬಾಗಿಲಲ್ಲಿ ನೀರು. ಮೂರನೆಯ ಕೊಡಕ್ಕೆ ಕಥೆ ನಿಂತಿತ್ತು. ನಿಲ್ಲಲೇಬೇಕಿತ್ತು, ತೊಳೆಯುವುದು ಮುಗಿದಿತ್ತು. ಹದಿನೆಂಟು ವರ್ಷ ತಾನು ಅಂಗೈ ತಿರುಗಿಸಿ ಹುಡುಕಿದ್ದು ಆ ನೀರನ್ನು. ಹುಬ್ಬಳ್ಳಿಯಲ್ಲಿ ಚಪ್ಪಾಳೆ ಹೊಡೆಸಿಕೊಂಡಿದ್ದು ಅದಕ್ಕೆ. ಆಯಿಯ ಮೇಲೆ ಸಿಟ್ಟು ಮಾಡಲು ಹೋದಳು. ಆಯಿಯ ಬೊಚ್ಚುಬಾಯಿ, ಎಣ್ಣೆ ಹಚ್ಚುವ ಬೆಚ್ಚನೆಯ ಕೈ ಕಣ್ಣೆದುರು ಬಂದು ಸಿಟ್ಟೂ ಪೂರ್ತಿ ಬರಲಿಲ್ಲ. ಅದೇ ಎಲ್ಲಕ್ಕಿಂತ ಹೇಸಿಗೆಯೆನ್ನಿಸಿತು.

“ಎರಡ,” ಎಂದಳು. ಸುಳ್ಳು ತಾನಾಗಿ ಬಂದಿತ್ತು.

“ಮೂರ. ನಾ ಅಲ್ಲೇ ಬೇವಿನ ಗಿಡದ ಬುಡಕ ನಿಂತಿದ್ನಿ. ನಿಲ್ಲ, ಮಜ್ಜಿಗಿ ಕೊಡ್ತೀನಿ ಅಂದಿದ್ಲ ನಿಮ್ಮಾಯಿ. ಎಣಿಸೇನಿ.” ಮರಿಯವ್ವ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು. “ಹುಣ್ಣಿವಿ ನಾಳೆ ಐತಿ ಅಂತ ನನಗೂ ಗೊತ್ತೈತಿ. ಗುಡ್ಡಕ್ಕ ಹೋಗಾಕ ನನಗೇನ ಹೌಸ ಇಲ್ಲ. ಹೋಗ, ನಳಾ ಬಂದೈತಿ. ಮೂರ ಕೊಡ ಹೊತ್ತ ತಂದ ನನ್ನ ತಲಿಮ್ಯಾಲೆ ಹಾಕ. ಆಮ್ಯಾಲೆ ಹಣಿಗಿ. ಕೇಳಬ್ಯಾಡ ಮತ್ತ.”

ಅನಿತಾ ಕೊಡಕ್ಕೆ ಕೈ ಹಾಕಿದಾಗ ಮರಿಯವ್ವ ಗದರಿದಳು. “ನೀ ಅಲ್ಲ.”

ಸಿಂಬೆ ಸುತ್ತಲು ಅನ್ನಪೂರ್ಣೇಶ್ವರಿಗೆ ಬರುತ್ತಿರಲಿಲ್ಲ. ಅನಿತಾ ಅರಿವೆ ಸುತ್ತಿ ತಲೆಯ ಮೇಲಿಟ್ಟಳು. ನಳದ ಬಳಿ ಹೆಂಗಸರು ಗದ್ದಲ ಬಿಟ್ಟು ದಾರಿಬಿಟ್ಟರು. ಆ ದಾರಿ ಬಿಡುವುದೇ ಒಂದು ಪೆಟ್ಟು. ಆದರೆ ಆಸಿಫಾ, ಗುಲ್ಷನಳ ಸೊಸೆ, ಬಿಡಲಿಲ್ಲ. “ಪಾಳೇಕ ನಿಲ್ರಿ, ನಾವೇನ ಕತ್ತೆ ಕಾಯಾಕ ಬಂದೇವೇನ್ ಇಲ್ಲಿ?” ಎಂದಳು. ಅನ್ನಪೂರ್ಣೇಶ್ವರಿ ಸಾಲಿನ ಕೊನೆಗೆ ನಿಂತಳು. ಮೊದಲ ಕೊಡ ತಲೆಯ ಮೇಲೆ ಹತ್ತಿದಾಗ ಕತ್ತು ಹೆಗಲೊಳಗೆ ಇಳಿದಂತಾಯಿತು. ಹತ್ತು ಹೆಜ್ಜೆಗೆ ನೀರು ಕಣ್ಣಿಗೆ, ಎದೆಗೆ, ಕಡತವಿದ್ದ ಚೀಲಕ್ಕೆ. “ಓಣಿಗೆಲ್ಲಾ ನೀರಿನ ಛಳಿ ಹೊಡ್ಯಾಕ ಬಂದಾಳ ನೋಡ್ರಬೇ,” ಎಂದು ಯಾರೋ. “ಅರ್ಧಾ ಕೊಡ ಐತಿ, ಇದನ್ನ ಎಣಿಸಬ್ಯಾಡ ಮರಿಯವ್ವಾ,” ಎಂದು ಶಿವನಪ್ಪ. ಮರಿಯವ್ವ ಎಣಿಸಲಿಲ್ಲ. ತಿರುಗಿ ಹೋಗಬೇಕಾಯಿತು. ಮೂರು ಕೊಡಕ್ಕೆ ಐದು ಸಲ ಹೊತ್ತಳು. ಐದನೆಯದಕ್ಕೆ ಯಾರೂ ನಗುತ್ತಿರಲಿಲ್ಲ, ಅದಕ್ಕೆ ಆಸಿಫಾ ಪಾಳೆಯನ್ನೂ ಕೇಳಲಿಲ್ಲ.

ಬಾಗಿಲ ಕಲ್ಲಿನ ಮೇಲೆ ಮರಿಯವ್ವ ಕುಕ್ಕರಗಾಲಲ್ಲಿ ಕೂತಳು. ಒಂದನೆಯ ಕೊಡಕ್ಕೆ ಅರಿಶಿಣ ಹರಿದು ಗಟಾರ ಸೇರಿತು. ಎರಡನೆಯದಕ್ಕೆ ಕೆಸರು. ಮೂರನೆಯದಕ್ಕೆ ಮರಿಯವ್ವನ ಬಾಯಿಂದ ಒಂದು ಸದ್ದು ಬಂತು. ಅಳುವಲ್ಲ, ತಣ್ಣೀರು ಬಿದ್ದ ಕೂಸು ಉಸಿರೆಳೆಯುವ ಸದ್ದು. ಅನ್ನಪೂರ್ಣೇಶ್ವರಿಗೆ ಆ ಸದ್ದಿನ ಗುರುತಿತ್ತು. ಕಥೆಯೊಂದು ಬಾಯಿಗೆ ಬಂತು. ನುಂಗಿದಳು.

ಆಮೇಲಿನದು ಕಥೆಯಲ್ಲಿ ಬರುವಂಥದ್ದಲ್ಲ. ಎಣ್ಣೆ ಶೀಸೆ ಪೂರ್ತಿ ಸುರಿದರೂ ಜಡೆ ಒಳಗೆ ಬಿಡಲಿಲ್ಲ. ಹಣಿಗೆಯ ಹಲ್ಲು ಒಂದು, ಎರಡು, ನಾಲ್ಕು ಮುರಿದವು. ಕೂದಲು ಮೊದಲೇ ನೆಟ್ಟಗಿರುವವರಿಗಾಗಿ ಮಾಡಿದ ಹಣಿಗೆ ಅದು. ಬೆರಳಿನಿಂದ ಬಿಡಿಸಬೇಕು, ತುದಿಯಿಂದ ಮೇಲಕ್ಕೆ, ಎಳೆ ಎಳೆ. ಮೇಡಂ ಹೇಳಿದ ಹಗುರ ಕೈ ಯಾವುದಕ್ಕೂ ಬರಲಿಲ್ಲ. “ಎಳೀ ಮೆಲ್ಲಕ, ಸಣಬು ಅಂತ ತಿಳದಿಯೇನ,” ಎಂದು ಮರಿಯವ್ವ ಬೈಯುತ್ತಿದ್ದಳು. “ಹಗುರ ಹಿಡದ್ರ ನಾಳಿತನಾ ಮುಗಿಯೂದಿಲ್ಲ, ಗಟ್ಟಿ ಹಿಡಿ,” ಎಂದೂ ಬೈಯುತ್ತಿದ್ದಳು. ಎರಡೂ ಖರೆಯಾಗಿತ್ತು. ಉಗುರ ಸಂದಿಯಲ್ಲಿ ರಕ್ತ. ಬಗ್ಗಿ ಬಗ್ಗಿ ಬೆನ್ನು ಸೀಳಿದಂತಾಯಿತು. ಮಧ್ಯಾಹ್ನ ಅನಿತಾ ರೊಟ್ಟಿ ತಂದಿಟ್ಟಳು. ಅನ್ನಪೂರ್ಣೇಶ್ವರಿ ಎಣ್ಣೆಗೈಯಲ್ಲೇ ಮುರಿದು ತಿಂದಳು. ಎದುರಿನ ಕಟ್ಟೆಯ ನೆರಳು ಓಣಿ ದಾಟಿ ಈ ಕಡೆ ಬಂತು. ಅರ್ಧ ಬಿಚ್ಚಿದ ಮೇಲೆ ಒಂದು ಸಲ ಅವಳಿಗೆ ಕತ್ತರಿ ತಂದು ಎಲ್ಲ ಕತ್ತರಿಸಿ ಒಗೆಯಬೇಕೆನ್ನಿಸಿತು, ಹೇಳಿಯೂಬಿಟ್ಟಳು.

ಮರಿಯವ್ವ ಜಡೆಯ ಬುಡಕ್ಕೆ ಕೈ ಒಯ್ದಳು. “ಬ್ಯಾಡ. ಅದರಾಗ ಗುಲ್ಷನ ಅದಾಳ,” ಎಂದಳು. “ಕೈ ಬಿಡ ಬಿಡ ಅಂತ ಒದರೀನವಾ ನಾ. ನನ್ನ ತಲಿ ಕಿತ್ತ ಬರಾಕತ್ತಿತ್ತ. ಆಕಿ ಜೀವಾ ಹೊಂಟಿತ್ತ, ನಾ ಕೂದಲಾ ಬಿಡ ಅಂದ್ನಿ. ಕೊನೀ ಮಾತ ಅದಾತ ನೋಡ ನಮ್ಮಿಬ್ಬರ ನಡಕ.”

ತರಬೇತಿಯಲ್ಲಿ ಇಂಥದಕ್ಕೆಂದೇ ನಾಲ್ಕು ವಾಕ್ಯ ಬರೆಸಿದ್ದರು. ಅನ್ನಪೂರ್ಣೇಶ್ವರಿಯ ಬೆರಳು ಮುಂದಿನ ಎಳೆಗೆ ಹೋಯಿತು. ಎಷ್ಟೋ ಹೊತ್ತಿನಿಂದ ತನ್ನ ಮೊಣಕಾಲಿಗೆ ಮರಿಯವ್ವನ ಬೆನ್ನು ಒರಗಿಕೊಂಡಿರುವುದು, ಯಾವಾಗ ಒರಗಿದ್ದೆಂದು ಇಬ್ಬರಿಗೂ ತಿಳಿಯದೇ ಹೋದದ್ದು, ಆಗ ಅವಳ ಅರಿವಿಗೆ ಬಂತು. ಅಲುಗಾಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕತ್ತಿನ ಹತ್ತಿರದ ಗಂಟೊಂದೇ ಉಳಿದಿತ್ತು. ನೆಲ್ಲಿಕಾಯಿಯಷ್ಟು, ಕಲ್ಲಿನಷ್ಟು ಗಟ್ಟಿ. ಫಕೀರೇಶ ಬಂದು ಓಣಿಯಲ್ಲಿ ನಿಂತು, ಬಿಚ್ಚಿ ಹರಡಿದ ಕೂದಲನ್ನೂ, ಗೌಡರ ಮೊಮ್ಮಗಳ ಎಣ್ಣೆಗೈಯನ್ನೂ ನೋಡಿದ. “ತಾಯಿ ಸಿಟ್ಟಾಗ್ತಾಳ,” ಎಂದ. ಮರಿಯವ್ವ ತಿರುಗದೆಯೇ ಹೇಳಿದಳು: “ಆದ್ರ ನನ್ನಮ್ಯಾಲೆ ಆಗ್ಲಿ ಭಾವಾ. ಗಾಡಿಯಾಂವಗ ಫೋನ್ ಮಾಡಿ ಬ್ಯಾಡ ಅನ್ನು.” ಅವನು ಜೇಬಿನಿಂದ ಫೋನು ತೆಗೆಯುತ್ತ ಹೋದ.

ಗಂಟಿನೊಳಗೆ ಏನೋ ಚುಚ್ಚಿತು. ಅನ್ನಪೂರ್ಣೇಶ್ವರಿ ಬಾಗಿ ಬೆರಳ ತುದಿಯಿಂದ ಬಿಡಿಸಿದಳು. ಹಸಿರು ಗಾಜು. ಅರ್ಧ ಬೆರಳುದ್ದದ ಬಳೆಯ ಚೂರು.

“ಸಿಕ್ತೇನ?” ಎಂದಳು ಮರಿಯವ್ವ. ಅವಳಿಗೆ ಗೊತ್ತಿತ್ತು. ಮೂರು ತಿಂಗಳೂ, ತಲೆ ಇಟ್ಟಾಗಲೆಲ್ಲ, ಚುಚ್ಚುತ್ತಿದ್ದಿರಬೇಕು. ಹಿಂದಕ್ಕೆ ಕೈ ಚಾಚಿದಳು. ಚೂರನ್ನು ಅವಳ ಅಂಗೈಯಲ್ಲಿಟ್ಟಾಗ ಅವಳ ಬೆರಳು ಚೂರಿನ ಜೊತೆಗೆ ಇಟ್ಟವಳ ಬೆರಳನ್ನೂ ಮುಚ್ಚಿ ಹಿಡಿದವು. ಇಬ್ಬರ ಕೈಯಲ್ಲೂ ಎಣ್ಣೆ, ಕೆಸರು. ಬೆಳದಿಂಗಳೇನೂ ಇರಲಿಲ್ಲ.

“ಹೂಂ, ನಡೀಲಿ,” ಎಂದು ಮರಿಯವ್ವ ಕೈಬಿಟ್ಟಳು. “ಹೊತ್ತಾತ.”

ಅನ್ನಪೂರ್ಣೇಶ್ವರಿ ಮುರುಕು ಹಲ್ಲಿನ ಹಣಿಗೆಯನ್ನು ನೆತ್ತಿಗೆ ಇಟ್ಟಳು. ಅದು ನೆತ್ತಿಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಕೂದಲ ತುದಿಯವರೆಗೆ ಎಲ್ಲಿಯೂ ತಡೆಯದೆ ಇಳಿದು ಹೋಯಿತು.